ಪಿಎಚ್‌ಡಿ ವಿಷಯ ಒಮ್ಮೆ ಆರಿಸಿಕೊಂಡರೆ ಪ್ರೊಫೆಸರ್ ಆದಮೇಲೂ ಅದರಲ್ಲೇ ಇರಬೇಕಾ?

ನೀವು ಫಿಸಿಕ್ಸ್ ಎಂಎಸ್ಸಿ ಕೊನೆ ವರ್ಷದಲ್ಲಿದ್ದೀರಿ, ಪಿಎಚ್‌ಡಿಗೆ ಸಿಗುತ್ತಿರುವ ವಿಷಯ ಅಷ್ಟು ಇಷ್ಟವಿಲ್ಲ, ಮುಂದೆ ಪ್ರೊಫೆಸರ್ ಆದರೂ ಅದನ್ನೇ ಮಾಡಬೇಕಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ವಿಷಯ ಬದಲಾಗುತ್ತದೆ. ಕೈಗೆ ಹತ್ತಿದ ಕೆಲಸ ಮಾತ್ರ ಜೊತೆಗೇ ಬರುತ್ತದೆ.

ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಿದವನು, ಹಾಗಾಗಿ ಮೊದಲು ನೆನಪಾಗುವುದು ಪ್ರೊ. ಎಸ್. ಚಂದ್ರಶೇಖರ್. ನಕ್ಷತ್ರಗಳ ಕೆಲಸಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಕರೇ. ನಮ್ಮ ಚಂದ್ರಶೇಖರ್ ರಾಮನ್ ಅವರ ಬಳಿ ಪಿಎಚ್‌ಡಿ ಮಾಡಿದರು, ಆಮೇಲೆ ಕೇಂಬ್ರಿಡ್ಜ್‌ಗೆ ಹೋದರು. ಹರಳುಗಳು, ಅವುಗಳ ಮೂಲಕ ಹೋಗುವ ಬೆಳಕು ಮತ್ತು ಎಕ್ಸ್‌ರೇ, ಇದೇ ಅವರ ಕೆಲಸ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. ಇಲ್ಲಿಯೇ ದ್ರವ ಹರಳುಗಳ (ಲಿಕ್ವಿಡ್ ಕ್ರಿಸ್ಟಲ್) ಕಡೆ ತಿರುಗಿದರು, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನ ಹಾಗೆ ಒಂದು ಕ್ರಮದಲ್ಲಿ ನಿಲ್ಲುವ ವಸ್ತುಗಳು.

ಈ ದ್ರವ ಹರಳನ್ನು ನೀವು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಎರಡು ಗಾಜಿನ ನಡುವೆ ಚಿಟಿಕೆಯಷ್ಟು ಪುಡಿ ಇಟ್ಟು, ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗೆ ಕಾಯಿಸುತ್ತಾರೆ. ಪೂರ್ತಿ ಕರಗಿದಾಗ ಎಲ್ಲ ಕಪ್ಪು. ನಿಧಾನವಾಗಿ ತಣ್ಣಗಾಗಲು ಬಿಟ್ಟರೆ ಕತ್ತಲಲ್ಲಿ ಒಂದೊಂದೇ ಬಣ್ಣದ ಹನಿ ಮೂಡುತ್ತದೆ, ಪಕ್ಕದ ಹನಿಗೆ ಸೇರುತ್ತದೆ, ನೋಡನೋಡುತ್ತಲೇ ಇಡೀ ಜಾಗ ಬಣ್ಣವಾಗುತ್ತದೆ. ಮೊದಲ ಸಲ ನೋಡಿದಾಗ ನಾನು ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ.

1971ರಲ್ಲಿ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ಇದಕ್ಕೇ ಒಂದು ಲ್ಯಾಬ್ ಕಟ್ಟಿದರು. ಅಲ್ಲಿಯವರೆಗೆ ದ್ರವ ಹರಳು ಅಂದರೆ ಕಡ್ಡಿಯಂಥ ಅಣುಗಳು ಅಂತಲೇ ಲೆಕ್ಕ. 1977ರಲ್ಲಿ ಸದಾಶಿವ ಮತ್ತು ಸುರೇಶ್ ಅವರ ಜೊತೆ ಸೇರಿ, ಬಿಲ್ಲೆಯಂಥ ಅಣುಗಳೂ ನಾಣ್ಯ ಪೇರಿಸಿದ ಹಾಗೆ ಕಂಬಕಂಬವಾಗಿ ನಿಂತು ದ್ರವ ಹರಳಾಗುತ್ತವೆ ಅಂತ ತೋರಿಸಿದರು. ಹರಳಿನ ಅಭ್ಯಾಸ ಇದ್ದ ಕಣ್ಣಿಗೆ ಈ ಜೋಡಣೆ ಹೊಸದಾಗಿರಲಿಲ್ಲ, ಅಲ್ವಾ?

ಜಿ.ಎನ್. ರಾಮಚಂದ್ರನ್ ಇನ್ನೂ ದೂರ ಹೋದರು. ಅವರೂ ರಾಮನ್ ಶಿಷ್ಯರು, ಶುರು ಮಾಡಿದ್ದು ವಜ್ರದಂಥ ಹರಳುಗಳಿಂದ. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪ್ರೊಫೆಸರ್ ಆದರು. ಹತ್ತಿರದಲ್ಲೇ ಚರ್ಮ (ಲೆದರ್) ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿಂದ ಬಂದ ಕಾಂಗರೂ ಬಾಲದ ನಾರಿಗೆ, ಹರಳಿಗೆ ಹಾಯಿಸುತ್ತಿದ್ದ ಅದೇ ಎಕ್ಸ್‌ರೇ ಹಾಯಿಸಿದರು. 1954ರಲ್ಲಿ ಗೋಪಿನಾಥ್ ಕರ್ತಾ ಅವರ ಜೊತೆ, ಆ ನಾರಿನಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಮೂರು ಎಳೆಯ ರಚನೆ ಅಂತ ಹೇಳಿದರು. ಪ್ರೋಟೀನ್ ಓದುವವರೆಲ್ಲ ಇವತ್ತಿಗೂ ಬಳಸುವ ರಾಮಚಂದ್ರನ್ ಪ್ಲಾಟ್, ಅಂದರೆ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ ನಕ್ಷೆ, ಬಂದಿದ್ದು 1963ರಲ್ಲಿ, ಅದೇ ವಿಭಾಗದಿಂದ.

ಹಾಗಾಗಿ ಗೈಡ್ ಕೊಡುವ ವಿಷಯದ ಹೆಸರು ನೋಡಿ ಸುಮ್ನೆ ಹೆದರಬೇಡಿ. ಒಂದು ದಿನ ಆ ಲ್ಯಾಬ್‌ನಲ್ಲಿ ಕೂತು ಬನ್ನಿ. ಯಾವ ಉಪಕರಣ ಇದೆ, ಅದು ಕೆಟ್ಟರೆ ವಿದ್ಯಾರ್ಥಿಗಳೇ ಬಿಚ್ಚಿ ನೋಡುತ್ತಾರಾ, ಲೆಕ್ಕ ಅವರೇ ಮಾಡುತ್ತಾರಾ, ಹಿಂದೆ ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ, ಇಷ್ಟು ಕೇಳಿ. ಗೈಡ್ ಇಲ್ಲದ ಹೊತ್ತಿನಲ್ಲಿ ಕೇಳಿದರೆ ಜಾಸ್ತಿ ವಿಷಯ ಗೊತ್ತಾಗುತ್ತದೆ.