ಮದ್ದು ಮುಟ್ಟದ ಕಡಲಾಳ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಲ್ಲೂ ಆ್ಯಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಇವೆಯಂತೆ. ಅಲ್ಲಿಗೆ ಯಾವ ಮಾತ್ರೆಯೂ ಹೋಗಿಲ್ಲವಲ್ಲ, ಈ ಶಕ್ತಿ ಎಲ್ಲಿಂದ ಬಂತು?
– ಶಿಕ್ಷಕಿ, ಶಿಡ್ಲಘಟ್ಟ

ಉತ್ತರ: ಮಾತ್ರೆ ಹೋಗಿಲ್ಲ, ನಿಜ. ಆದರೆ ಹಲವು ಆ್ಯಂಟಿಬಯಾಟಿಕ್‌ಗಳನ್ನು ಮೊದಲು ತಯಾರಿಸಿದ್ದೇ ಸೂಕ್ಷ್ಮಜೀವಿಗಳು. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ವಿಷ ಮಾಡುವ ಜೀವಿ ಆ ವಿಷಕ್ಕೆ ತಾನೇ ಸಾಯಬಾರದು, ಅದರ ನೆರೆಯವೂ ಬದುಕಬೇಕು. ಹಾಗಾಗಿ ನಿರೋಧದ, ಅಂದರೆ ಔಷಧವನ್ನು ತಡೆಯುವ, ಜೀನ್‌ಗಳು ನಮ್ಮ ಔಷಧಿಗಿಂತ ಬಹಳ ಹಳೆಯವು. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಟೆಟ್ರಾಸೈಕ್ಲಿನ್, ವ್ಯಾಂಕೋಮೈಸಿನ್ ನಿರೋಧದ ಜೀನ್‌ಗಳು ಸಿಕ್ಕಿದ್ದು 2011ರಲ್ಲಿ ವರದಿಯಾಯಿತು.

ಬುಗ್ಗೆಗಳಲ್ಲಿ ಇನ್ನೊಂದು ಕಾರಣ ಸೇರುತ್ತದೆ: ಲೋಹ. 1977ರಲ್ಲಿ ಗಲಾಪಗೋಸ್ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಈ ಬುಗ್ಗೆಗಳು ಮೊದಲು ಕಣ್ಣಿಗೆ ಬಿದ್ದವು. ಅಲ್ಲಿನ ಒತ್ತಡ ನೆಲದ ಮೇಲಿನದರ 250 ಪಟ್ಟು. ಕೆಲವು ಬುಗ್ಗೆಗಳಲ್ಲಿ 350 ಡಿಗ್ರಿ ಮೀರಿದ ನೀರು ತಾಮ್ರ, ಸತು, ಕ್ಯಾಡ್ಮಿಯಂ ಕರಗಿಸಿಕೊಂಡು ಚಿಮ್ಮುತ್ತದೆ. ಅಷ್ಟು ಬಿಸಿಯಲ್ಲಿ ಯಾವುದೂ ಬದುಕದು. ಆ ನೀರು ತಣ್ಣನೆಯ ಕಡಲ ನೀರಿಗೆ ಬೆರೆಯುವ ಅಂಚಿನಲ್ಲಿ ಬ್ಯಾಕ್ಟೀರಿಯಾ ಕಿಕ್ಕಿರಿದಿರುತ್ತವೆ. ಲೋಹ ಒಳಗೆ ಉಳಿದರೆ ಸಾವು. ಅದಕ್ಕೆ ಅವುಗಳ ಪೊರೆಯಲ್ಲಿ ಪ್ರೋಟೀನಿನ ಪಂಪ್ ಇರುತ್ತದೆ. ಒಂದು ಮುಖ್ಯ ಬಗೆಯ ಪಂಪಿಗೆ ಮೂರು ಭಾಗ: ಒಳಪೊರೆಯಲ್ಲೊಂದು, ಹೊರಪೊರೆಯಲ್ಲೊಂದು, ನಡುವೆ ಜೋಡಿಸುವುದೊಂದು. ಹೊರಗಿನ ಪ್ರೋಟಾನ್ ಒಳಕ್ಕೆ ಹರಿಯುವ ಬಲದಿಂದ ಅದು ವಿಷವನ್ನು ಆಚೆ ತಳ್ಳುತ್ತದೆ. ಕೆಲವು ಪಂಪ್‌ಗಳು ಲೋಹವನ್ನಷ್ಟೇ ಅಲ್ಲ, ಔಷಧವನ್ನೂ ಎಸೆಯುತ್ತವೆ. ಇನ್ನು ಕೆಲವು ಕಡೆ ಲೋಹದ ಜೀನೂ ಔಷಧದ ಜೀನೂ ಒಂದೇ ಪ್ಲಾಸ್ಮಿಡ್‌ನಲ್ಲಿ (ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿ.ಎನ್.ಎ. ಉಂಗುರದಲ್ಲಿ) ಇರುತ್ತವೆ. ಆಗ ಕ್ಯಾಡ್ಮಿಯಂ ಒಂದೇ ಸಾಕು, ಎರಡೂ ಉಳಿಯುತ್ತವೆ.

ಮಕ್ಕಳಿಗೆ ಹೇಳುವಾಗ ಒಂದು ಮಾತು ಸ್ಪಷ್ಟವಾಗಿರಲಿ. ಔಷಧವಾಗಲಿ ಲೋಹವಾಗಲಿ ಬ್ಯಾಕ್ಟೀರಿಯಾಕ್ಕೆ ಏನನ್ನೂ ಕಲಿಸುವುದಿಲ್ಲ. ಜೀನ್ ಬದಲಾಗುವುದು ಆಕಸ್ಮಿಕ; ವಿಷದ ನಡುವೆ ಯಾರಿಗೆ ಆ ಬದಲಾವಣೆ ಇದೆಯೋ ಅವರ ಸಂತಾನ ಬೆಳೆಯುತ್ತದೆ.

ಪ್ರಶ್ನೆ: ನಮ್ಮ ಕೆ.ಜಿ.ಎಫ್. ಗಣಿಯಲ್ಲೂ ನೀರು ತುಂಬಿದೆ. ಅಲ್ಲಿನ ಬ್ಯಾಕ್ಟೀರಿಯಾದಿಂದ ಅಪಾಯವಿದೆಯೇ?
– ಓದುಗರು, ಆಂಡರ್ಸನ್‌ಪೇಟೆ

ಉತ್ತರ: 2001ರಲ್ಲಿ ಮುಚ್ಚಿದ ಈ ಗಣಿ 3 ಕಿ.ಮೀ.ಗೂ ಆಳ. ಕತ್ತಲು, ಬಿಸಿ ಬಂಡೆ, ಲೋಹ ಸೇರಿದ ನೀರು, ಎಲ್ಲವೂ ಕಡಲಾಳವನ್ನು ಹೋಲುತ್ತವೆ. ಆದರೆ 60 ಡಿಗ್ರಿಗೆ ಒಗ್ಗಿದ ಜೀವಿ ನಮ್ಮ 37 ಡಿಗ್ರಿ ದೇಹದಲ್ಲಿ ಬೆಳೆಯುವುದಿಲ್ಲ. ಜೀವಿಗಿಂತ ಜೀನ್ ಊರೂರು ಸುತ್ತುತ್ತದೆ, ಕಾಳಜಿ ಬೇಕಿರುವುದು ಅಲ್ಲಿ. ಸಿಪ್ರೊಫ್ಲಾಕ್ಸಸಿನ್ ಪ್ರಯೋಗಾಲಯದಲ್ಲೇ ಹುಟ್ಟಿದ ಔಷಧ. ಆದರೂ ಅಂಥ ಔಷಧಗಳ ಪ್ರಭಾವ ತಗ್ಗಿಸುವ ಜೀನ್ ಪ್ಲಾಸ್ಮಿಡ್ ಮೂಲಕ ಹರಡುತ್ತಿದೆಯೆಂದು 1998ರಲ್ಲಿ ವರದಿಯಾಯಿತು. ಅದರ ಮೂಲ ಶೆವನೆಲ್ಲಾ ಆಲ್ಗೆ ಎಂಬ ಕಡಲ ಬ್ಯಾಕ್ಟೀರಿಯಾ ಎಂದು ಆಮೇಲೆ ಗೊತ್ತಾಯಿತು.

ಪ್ರಶ್ನೆ: ಪ್ರಾಜೆಕ್ಟ್‌ಗೆ ಕಡಲ ಬ್ಯಾಕ್ಟೀರಿಯಾದ ಮೇಲೆ ಡಿಸ್ಕ್ ಟೆಸ್ಟ್ (ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಔಷಧದ ಬಿಲ್ಲೆ ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯುವ ಪರೀಕ್ಷೆ) ಮಾಡುತ್ತಿದ್ದೇನೆ. ಎಲ್ಲ ಔಷಧಕ್ಕೂ ನಿರೋಧ ಕಾಣುತ್ತಿದೆ. ನಂಬಬಹುದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಸದ್ಯಕ್ಕೆ ನಂಬಬೇಡಿ. ಮೊದಲು ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ, ಅಂದರೆ ಅಗಾರ್‌ನ, ದಪ್ಪ ನೋಡಿ, 4 ಮಿ.ಮೀ. ಇರಬೇಕು. 9 ಸೆಂ.ಮೀ. ಪ್ಲೇಟಿಗೆ ಸುಮಾರು 25 ಮಿ.ಲೀ. ಮುಲ್ಲರ್-ಹಿಂಟನ್ ಅಗಾರ್ ಸುರಿದರೆ ಸರಿಹೋಗುತ್ತದೆ. ದಪ್ಪವಾದರೆ ಔಷಧ ಕೆಳಕ್ಕೂ ಇಳಿದು ವಲಯ ಚಿಕ್ಕದಾಗುತ್ತದೆ, ಇಲ್ಲದ ನಿರೋಧ ಕಾಣುತ್ತದೆ. ಬ್ಯಾಕ್ಟೀರಿಯಾದ ದ್ರಾವಣ 0.5 ಮ್ಯಾಕ್‌ಫರ್ಲೆಂಡ್‌ಗಿಂತ (ದ್ರಾವಣ ಎಷ್ಟು ಕಲಕಾಗಿದೆ ಎಂಬುದರ ಅಳತೆ) ದಟ್ಟವಾಗಿದ್ದರೂ ಅದೇ ಫಲ. ಡಿಸ್ಕ್‌ಗಳ ಮಧ್ಯಬಿಂದುಗಳ ನಡುವೆ ಕನಿಷ್ಠ 24 ಮಿ.ಮೀ. ಬಿಡಿ.

ಕಡಲ ನೀರಿನಲ್ಲೇ ಮಾಧ್ಯಮ ಕಲಸಿದ್ದರೆ ತೊಂದರೆ ಅಲ್ಲೇ ಇದೆ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೆಚ್ಚು. ಇವು ಟೆಟ್ರಾಸೈಕ್ಲಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ, ಜೆಂಟಾಮೈಸಿನ್ ಬ್ಯಾಕ್ಟೀರಿಯಾದೊಳಗೆ ನುಗ್ಗದಂತೆ ತಡೆಯುತ್ತವೆ. ಬದಲಿಗೆ ಲೀಟರ್‌ಗೆ 20 ಗ್ರಾಂ ಅಡುಗೆ ಉಪ್ಪಿನ ಲವಣ, ಅಂದರೆ ಸೋಡಿಯಂ ಕ್ಲೋರೈಡ್, ಸೇರಿಸಿ ನೋಡಿ. ಜೊತೆಗೆ ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಬಳಸುವ ಇ. ಕೋಲಿ ಎ.ಟಿ.ಸಿ.ಸಿ. 25922 ತಳಿಯನ್ನು ಉಪ್ಪಿಲ್ಲದ ಪ್ಲೇಟಿನಲ್ಲಿ 35 ಡಿಗ್ರಿಯಲ್ಲಿ 16–18 ಗಂಟೆ ಇಡಿ. 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಡಿಸ್ಕ್‌ಗೆ ವಲಯ 19–26 ಮಿ.ಮೀ. ಬರಬೇಕು. ಬರದಿದ್ದರೆ ಡಿಸ್ಕೋ ಅಗಾರೋ ಮಾಡಿದ ವಿಧಾನವೋ ಸರಿಯಿಲ್ಲ. ಅದೇ ತಳಿಯನ್ನು ಉಪ್ಪಿನ ಪ್ಲೇಟಿಗೂ ಹಾಕಿದರೆ ಉಪ್ಪಿನ ಪ್ರಭಾವ ಎಷ್ಟೆಂದು ತಿಳಿಯುತ್ತದೆ. ಆಸ್ಪತ್ರೆ ಪಟ್ಟಿಯ ಅಳತೆ ಹಿಡಿದು ಕಡಲ ಜೀವಿಗೆ ‘ನಿರೋಧಿ’ ಎಂದು ಬರೆಯಬೇಡಿ, ವಲಯ ಎಷ್ಟು ಮಿ.ಮೀ. ಎಂದಷ್ಟೇ ಬರೆಯಿರಿ. ಮುಗಿದ ಪ್ಲೇಟುಗಳನ್ನು ತೊಳೆಯುವ ಮುನ್ನ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಲೇಬೇಕು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬೇಕು.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆಯ ಪಕ್ಕದ ಬೋರ್‌ವೆಲ್ ನಮ್ಮದು. ನಿರೋಧ ಇರುವ ಬ್ಯಾಕ್ಟೀರಿಯಾ ಕುದಿಸಿದರೂ ಸಾಯುವುದಿಲ್ಲವೇ?
– ರೈತರು, ಕೋಲಾರ ತಾಲ್ಲೂಕು

ಉತ್ತರ: ಸಾಯುತ್ತವೆ. ಔಷಧ ತಡೆಯುವ ಶಕ್ತಿಗೂ ಶಾಖ ತಡೆಯುವ ಶಕ್ತಿಗೂ ಸಂಬಂಧವಿಲ್ಲ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಬಿಡಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಮಾತ್ರ ಕುದಿಸಿದರೆ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ, ಅದಕ್ಕೆ ಊರಿನ ಶುದ್ಧ ನೀರಿನ ಘಟಕವೇ ಸರಿ. ಕೊತ್ತಂಬರಿ, ಸೌತೆಯಂಥ ಹಸಿಯಾಗಿ ತಿನ್ನುವ ಬೆಳೆಗೆ ಕೆರೆ ನೀರನ್ನು ನೇರವಾಗಿ ಚಿಮುಕಿಸಬೇಡಿ, ಬುಡಕ್ಕೆ ಹನಿ ನೀರಾವರಿ ಮಾಡಿ. ಕೋಳಿ ಸಾಕುವುದಾದರೆ ಬೆಳವಣಿಗೆಗೆಂದು ಆ್ಯಂಟಿಬಯಾಟಿಕ್ ಬೆರೆಸಿದ ಆಹಾರ ಕೊಳ್ಳಬೇಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬಳಕೆಯಂತೂ 2019ರಿಂದಲೇ ದೇಶದಲ್ಲಿ ನಿಷಿದ್ಧ.