ಡಾರ್ಲಿಂಗ್ ಡೌನ್ಸ್‌ನ ಫೀಡ್‌ಲಾಟ್ ಕೆಲಸ: ಹೊಸದಾಗಿ ಬಂದವರಿಗೊಂದು ಉತ್ತರ

ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿ, ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಯಾಟನ್ ಕ್ಯಾಂಪಸ್ಸಿಗೆ ಸ್ನಾತಕೋತ್ತರ ಪದವಿಗೆಂದು ಬಂದಿರುವ ನೀವು, ಇಲ್ಲಿಯ ಡಾರ್ಲಿಂಗ್ ಡೌನ್ಸ್ ಪ್ರದೇಶದ ಡಾಲ್ಬಿ ಊರಿನ ಬಳಿಯ ಫೀಡ್‌ಲಾಟ್ (ಮಾಂಸದ ದನಗಳನ್ನು ಕೂಡಿಹಾಕಿ ಧಾನ್ಯ ತಿನ್ನಿಸಿ ಬೆಳೆಸುವ ಜಾಗ) ಒಂದರಲ್ಲಿ ಸಿಕ್ಕಿರುವ ಬೇಸಿಗೆಯ ಕೆಲಸಕ್ಕೆ ಸೇರಬಹುದೇ, ಅಲ್ಲಿ ತರಬೇತಿ ಸಿಗುತ್ತದೆಯೇ, ನಮ್ಮ ಪದವಿಗೆ ಬೆಲೆಯಿದೆಯೇ, ಕಾರು ಬೇಕೇ ಎಂದು ಕೇಳಿದ್ದೀರಿ. ಹೆಬ್ಬಾಳದಲ್ಲಿ ಓದಿ, ಇದೇ ದಾರಿ ಹಿಡಿದು ಇಲ್ಲೇ ನೆಲೆ ನಿಂತವನಾದ್ದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಕಾರು ಬೇಕೇ ಬೇಕು. ಮುಸ್ಸಂಜೆಯ ಮೇಲೆ ಕಾಂಗರೂಗಳು ರಸ್ತೆಗೆ ಅಡ್ಡ ಬರುತ್ತವೆ, ನಿಧಾನವಾಗಿ ಓಡಿಸಿ. ಪದವಿಯ ವಿಷಯವೂ ಚಿಕ್ಕದೇ. ಇಲ್ಲಿಯ ಪಶುವೈದ್ಯ ಪರೀಕ್ಷೆಯನ್ನು ಪಾಸು ಮಾಡಿ ನೋಂದಣಿಯಾಗುವವರೆಗೆ ವೈದ್ಯರಾಗಿ ಕೆಲಸ ಮಾಡುವಂತಿಲ್ಲ. ಆದರೆ ಸಂಶೋಧನಾ ಸಹಾಯಕರಾಗಿ, ಪೆನ್‌ಗಳ, ಅಂದರೆ ದನ ಕೂಡುವ ಬೇಲಿಯ ಅಂಗಳಗಳ, ಕೆಲಸಗಾರರಾಗಿ ಸೇರಲು ಅಡ್ಡಿಯಿಲ್ಲ.

ತರಬೇತಿ ಖಂಡಿತ ಸಿಗುತ್ತದೆ, ಆದರೆ ಅದು ಗೋದಲಿಯ ಮುಂದೆ ಶುರುವಾಗುತ್ತದೆ. ನಾನು ಬಂದ ಮೊದಲ ವಾರ ನನ್ನನ್ನು ಬೆಳಗಿನ ಜಾವ ಬಂಕ್, ಅಂದರೆ ಗೋದಲಿ, ನೋಡುವವರ ಜೊತೆ ಕಳುಹಿಸಿದರು. ಪೆನ್‌ಗಳ ಉದ್ದಕ್ಕೂ ಇರುವ ಕಾಂಕ್ರೀಟ್ ಗೋದಲಿಯಲ್ಲಿ ರಾತ್ರಿಯ ಮೇವು ಎಷ್ಟು ಉಳಿದಿದೆ, ನೆಕ್ಕಿ ನುಣ್ಣಗಾಗಿದೆಯೇ ಅಥವಾ ಮೂಲೆಯಲ್ಲಿ ಪುಡಿ ಉಳಿದಿದೆಯೇ ಎಂದು ನೋಡಿ ಅವರು ಆ ದಿನದ ಪ್ರಮಾಣವನ್ನು ಬರೆದುಕೊಳ್ಳುತ್ತಿದ್ದರು. ಬಾರ್ಲಿ, ಗೋಧಿ, ಜೋಳವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ದನ ಮಲಗಿಬಿಡುತ್ತದೆ ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಅದು ಹೇಗೆ ಶುರುವಾಗುತ್ತದೆಂದು ಕಂಡುಹಿಡಿಯುವ ಕಣ್ಣು ಅವರಿಗಿತ್ತು.

ಇಲ್ಲಿಯ ಸಂಶೋಧನೆಯ ಬಗ್ಗೆ ನನಗೆ ಹೆಮ್ಮೆಯಿದೆ, ಅದಕ್ಕೆ ಕಾರಣವನ್ನೂ ತಿಳಿದುಕೊಳ್ಳಿ. ಮಾರಾಟವಾಗುವ ಪ್ರತಿ ದನದ ಮೇಲೆ 5 ಡಾಲರ್ ಲೆವಿ, ಅಂದರೆ ಕಡ್ಡಾಯ ವಂತಿಗೆ, ಇದೆ. ಅದರ ಒಂದು ಪಾಲು ಮೀಟ್ ಅಂಡ್ ಲೈವ್‌ಸ್ಟಾಕ್ ಆಸ್ಟ್ರೇಲಿಯಾ ಸಂಸ್ಥೆಯ ಮೂಲಕ ಸಂಶೋಧನೆಗೆ ಹೋಗುತ್ತದೆ, ಮತ್ತು ಆ ಪಾಲಿಗೆ ಸರ್ಕಾರ ಒಂದು ಮಿತಿಯೊಳಗೆ ಅಷ್ಟೇ ಹಣ ಸೇರಿಸುತ್ತದೆ. ಸಾಕುವವರೇ ಹಣ ಹಾಕಿರುವುದರಿಂದ, ಪ್ರಬಂಧ ಬರೆದು ಕಪಾಟಿನಲ್ಲಿಟ್ಟರೆ ಯಾರೂ ಒಪ್ಪುವುದಿಲ್ಲ. ನನಗೇನು ಪ್ರಯೋಜನವಾಯಿತು ಎಂದು ಕೇಳುತ್ತಾರೆ. ನಮ್ಮ ಹಾಲಿನ ಸಂಘಗಳಲ್ಲಿ ರೈತರು ಫ್ಯಾಟ್ ಲೆಕ್ಕ ಕೇಳುವ ಹಾಗೆಯೇ.

ಇನ್ನು ನೀವು ಕೇಳದ ಒಂದು ವಿಷಯ, ನಾನು ಕಷ್ಟಪಟ್ಟು ಕಲಿತದ್ದು, ಸೆಖೆ. ಒಂದು ಫೆಬ್ರವರಿಯಲ್ಲಿ ನಾನಿದ್ದ ಫೀಡ್‌ಲಾಟ್‌ನಲ್ಲಿ ಮಳೆ ಬಂದು ಪೆನ್‌ಗಳೆಲ್ಲ ಕೆಸರಾದವು, ಮೋಡ ಕವಿದಿತ್ತು, ಗಾಳಿ ಪೂರ್ತಿ ನಿಂತಿತ್ತು. ಮಧ್ಯಾಹ್ನದ ತಾಪಮಾನ ಮಾಮೂಲಿನಷ್ಟೇ ಇದ್ದುದರಿಂದ ನನಗೆ ಭಯ ಅನ್ನಿಸಲಿಲ್ಲ. ನಸುಕಿನಲ್ಲಿ ಕುದುರೆ ಮೇಲೆ ಪೆನ್ ಸುತ್ತುವ ಹಿರಿಯರೊಬ್ಬರು ಕರೆದು ತೋರಿಸಿದಾಗ ಆಂಗಸ್ ತಳಿಯ ಕರಿ ದನಗಳು ಮಲಗದೆ, ಮೆಲುಕು ಹಾಕದೆ, ಕತ್ತು ಚಾಚಿ, ನಾಲಿಗೆ ಹೊರಹಾಕಿ, ಜೊಲ್ಲು ಸುರಿಸುತ್ತಾ ತೇಕುತ್ತಿದ್ದವು. ಆ ವಾರ ಕೆಲವು ದನಗಳು ಸತ್ತವು.

ನಿಮ್ಮದೇ ಗ್ಯಾಟನ್‌ನ ಸಂಶೋಧಕರು ಇದರ ಲೆಕ್ಕವನ್ನು ಕಟ್ಟಿಕೊಟ್ಟಿದ್ದಾರೆ. ಬಿಸಿಲೂ ಸೇರಿದ ತಾಪ, ತೇವಾಂಶ, ಗಾಳಿಯ ವೇಗ ಮೂರನ್ನೂ ಸೇರಿಸಿದ ಹೀಟ್ ಲೋಡ್ ಇಂಡೆಕ್ಸ್, ನೆರಳಿಲ್ಲದ ಪೆನ್‌ನಲ್ಲಿ 100 ದಿನ ಧಾನ್ಯ ತಿಂದ ಆರೋಗ್ಯವಂತ ಆಂಗಸ್‌ಗೆ 86 ದಾಟಿದರೆ ಮೈಯಲ್ಲಿ ಕಾವು ಕೂಡುತ್ತಾ ಹೋಗುತ್ತದೆ. 77ಕ್ಕಿಂತ ಇಳಿದಾಗಲೇ ಅದು ಕರಗುವುದು. ರಾತ್ರಿ ತಂಪಾಗದಿದ್ದರೆ ನಿನ್ನೆಯ ಕಾವಿನ ಮೇಲೆ ಇಂದಿನದು ಸೇರುತ್ತದೆ. ಆ ಹೊತ್ತಿನಲ್ಲಿ ನಮ್ಮೂರಿನಂತೆ ನೀರೆರಚಲು ಹೊರಟರೆ ಗಾಳಿಯಾಡದ ಪೆನ್‌ನಲ್ಲಿ ತೇವವೇ ಹೆಚ್ಚುತ್ತದೆ, ದನಗಳನ್ನು ಬೇರೆಡೆಗೆ ಅಟ್ಟಿದರೆ ಇನ್ನೂ ಅಪಾಯ. ಮುನ್ಸೂಚನೆ ನೋಡಿ ಮೊದಲೇ ಧಾನ್ಯ ತಗ್ಗಿಸಿ ಒಣಮೇವು ಹೆಚ್ಚಿಸಬೇಕು, ನೀರಿನ ತೊಟ್ಟಿಗಳನ್ನು ಜಾಸ್ತಿ ಇಡಬೇಕು, ಸಗಣಿ ತೆಗೆಸಬೇಕು, ಎಲ್ಲಕ್ಕಿಂತ ಮೊದಲು ನೆರಳಿರಬೇಕು. ಡುಬ್ಬದ ಬ್ರಾಹ್ಮನ್ ತಳಿ ಆಂಗಸ್‌ಗಿಂತ ಹೆಚ್ಚು ತಾಳುತ್ತದೆ. ಅಮೆರಿಕದಲ್ಲಿ ಬೆಳೆಸಿ 1933ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ತಂದ ಆ ತಳಿಯ ಮೂಲ ನಮ್ಮ ದೇಶದ ಗಿರ್, ಓಂಗೋಲ್‌ಗಳಂಥ ದನಗಳಲ್ಲಿದೆ. ಪೆನ್‌ನಲ್ಲಿ ಅವುಗಳ ಜೋಲುವ ಗಂಗೆದೊಗಲು ಕಂಡಾಗ ಈಗಲೂ ಒಂದು ಗಳಿಗೆ ನಿಂತು ನೋಡುತ್ತೇನೆ.

ಇವೆಲ್ಲ ಕಸಾಯಿಖಾನೆಗೆ ಹೋಗುವ ದನಗಳು, ಇದನ್ನು ಮನೆಯಲ್ಲಿ ಹೇಗೆ ಹೇಳಬೇಕೆಂದು ನಿಮಗೆ ನಾನು ಕಲಿಸಬೇಕಾಗಿಲ್ಲ. ನಾನು ಹೇಳಿದ ಮೇಲೆ ನಮ್ಮ ತಂದೆ ಬೈಯಲಿಲ್ಲ. ಆದರೆ ಕೊನೆಯವರೆಗೂ ನನ್ನ ಕೆಲಸದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ, ಆ ನೋವು ಹೋಗಿಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ಗ್ಯಾಟನ್‌ನಲ್ಲೇ ಹಾಲಿನ ದನಗಳ ಸಂಶೋಧನೆಯ ಬಗ್ಗೆ ವಿಚಾರಿಸಿ.

ಒಪ್ಪಿದರೆ, ಸೇರುವ ಮೊದಲು ಮ್ಯಾನೇಜರನ್ನು ಕೇಳಿ: ಎಲ್ಲ ಪೆನ್‌ಗಳಿಗೂ ನೆರಳಿದೆಯೇ, ಸೆಖೆಯ ದಿನಗಳಿಗೆ ಬರೆದಿಟ್ಟ ಯೋಜನೆಯನ್ನು ತೋರಿಸುತ್ತಾರೆಯೇ, ಅಂಥ ರಾತ್ರಿಗಳಲ್ಲಿ ದನ ನೋಡುವವರು ಯಾರು. ಉತ್ತರ ತಡವರಿಸಿದರೆ ಆ ಕೆಲಸ ಬಿಡಿ. ಡಾಲ್ಬಿ ಸುತ್ತಮುತ್ತ ಫೀಡ್‌ಲಾಟ್‌ಗಳಿಗೆ ಕೊರತೆಯಿಲ್ಲ.