ಡುಶೆನ್ ಸ್ನಾಯುಕ್ಷಯ ಸ್ನಾಯುಗಳ ಕಾಯಿಲೆಯಾಗಿದ್ದರೂ ಮಕ್ಕಳ ಕಲಿಕೆಗೆ ಏಕೆ ತೊಂದರೆಯಾಗುತ್ತದೆ?

ಈ ಕಾಯಿಲೆಯಲ್ಲಿ ಇಲ್ಲವಾಗುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಸ್ನಾಯುಗಳಲ್ಲಿರುವಂತೆ ಮಿದುಳಿನಲ್ಲಿಯೂ ಇರುವುದೇ ಇದಕ್ಕೆ ಕಾರಣ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್, ಕಿರುಮಿದುಳು ಹಾಗೂ ಮಿದುಳಿನ ಹೊರಪದರದಲ್ಲಿ, ನರಕೋಶಗಳು ಸಂಧಿಸುವ ಜಾಗದಲ್ಲಿ ಸಂಕೇತಗಳಿಗೆ ಕಡಿವಾಣ ಹಾಕುವ ‘ಗಾಬಾ’ ಗ್ರಾಹಕಗಳನ್ನು ಈ ಪ್ರೋಟೀನು ಅವುಗಳ ಸ್ಥಾನದಲ್ಲಿ ಹಿಡಿದಿಡುತ್ತದೆ. ಅದಿಲ್ಲದಾಗ ಆ ನಿಯಂತ್ರಣ ಸಡಿಲವಾಗುತ್ತದೆ, ಮಿದುಳಿನ ಭಾಗಗಳ ನಡುವಿನ ಸಂಪರ್ಕದಲ್ಲಿ ವ್ಯತ್ಯಾಸವಿರುವುದು ಎಂಆರ್‌ಐ ಅಧ್ಯಯನಗಳಲ್ಲಿಯೂ ಕಂಡುಬಂದಿದೆ.

ಪರಿಣಾಮ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಡಿಸ್ಟ್ರೊಫಿನ್ ತಯಾರಿಸುವ ಜೀನಿನ ದೋಷವು ಅದರ ಕೊನೆಯ ಭಾಗದ ಕಡೆಗಿದ್ದರೆ, ಮಿದುಳಿನಲ್ಲಿ ಮುಖ್ಯವಾಗಿರುವ ಡಿಸ್ಟ್ರೊಫಿನ್‌ನ ಚಿಕ್ಕ ರೂಪಗಳೂ ಕೆಡುವುದರಿಂದ ತೊಂದರೆ ಸಾಮಾನ್ಯವಾಗಿ ಹೆಚ್ಚು. ಈ ಕಾಯಿಲೆಯಿರುವ ಮಕ್ಕಳ ಸರಾಸರಿ ಐಕ್ಯೂ (ಬುದ್ಧಿಮತ್ತೆಯ ಅಂಕ) 85ರ ಆಸುಪಾಸಿನಲ್ಲಿರುತ್ತದೆ, ಆದರೆ ಈ ಸಂಖ್ಯೆಯಿಂದ ನಿಮ್ಮ ಮಗುವನ್ನು ಅಳೆಯಬೇಡಿ. ಓದಿನಲ್ಲಿ ಮುಂದಿರುವವರೂ ಇದ್ದಾರೆ. ಹೆಚ್ಚಾಗಿ ಪೆಟ್ಟು ಬೀಳುವುದು, ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವ ಶಕ್ತಿಗೆ. ಶಿಕ್ಷಕರು ಇದನ್ನು ಅಲಕ್ಷ್ಯವೆಂದು ತಪ್ಪಾಗಿ ತಿಳಿಯುವುದುಂಟು. ಸ್ನಾಯುಬಲ ಕುಗ್ಗುತ್ತ ಹೋಗುವಂತೆ ಈ ತೊಂದರೆ ವರ್ಷದಿಂದ ವರ್ಷಕ್ಕೆ ಉಲ್ಬಣಿಸುವುದಿಲ್ಲ. ಬೆಂಗಳೂರಿನಲ್ಲಿರುವವರು ನಿಮ್ಹಾನ್ಸ್‌ಗೆ ತಪಾಸಣೆಗೆ ಹೋದಾಗ ನೆನಪು, ಗಮನಗಳ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳುವುದು ಒಳ್ಳೆಯದು.